ದಿನಕ್ಕೆರಡು ಬಾರಿ ಮಗ್ಗಿ

ಶಾಲೆಯಲ್ಲಿ ದಿನವೂ ಹತ್ತು ನಿಮಿಷ ಬಾಯಿಲೆಕ್ಕ ಮಾಡಿಸಬೇಕೆಂದು ಶಿಕ್ಷಣ ತಜ್ಞರು ಈಗ ಹೇಳುತ್ತಾರೆ. ಹೊಸಪೇಟೆ, ಮಲಪನಗುಡಿ, ಕಂಪ್ಲಿಯ ಈ ಸೀಮೆಗೆ ಇದು ಹೊಸ ಮಾತೇನಲ್ಲ.

ಆಗ ಮದರಾಸು ಆಧಿಪತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಇಲ್ಲಿನ ಶಾಲೆಗಳ ಬಗ್ಗೆ ವರದಿ ಬರೆದ. ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡದವು. ಬೆಳಿಗ್ಗೆ ಆರಕ್ಕೇ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಆಮೇಲೆ ಬಂದವರಿಗೆ ಬೆತ್ತದ ಏಟು! ಮೊದಲು ಮರಳ ಮೇಲೆ ಬೆರಳಿನ ಬರಹ, ನಂತರ ಇದ್ದಿಲು-ಅಂಟು ಬಳಿದು ಮಡಚಿದ ಬಟ್ಟೆಯ ‘ಕಡತ’ದ ಮೇಲೆ ಬಳಪ. (ಕಚೇರಿಯ ಕಡತಕ್ಕೆ ಆ ಹೆಸರು ಬಂದದ್ದು ಇದರಿಂದಲೇ.)

ಲೆಕ್ಕಕ್ಕಂತೂ ವಿಶೇಷ ಏರ್ಪಾಡಿತ್ತು. ದಿನಕ್ಕೆ ಎರಡು ಬಾರಿ ಮಕ್ಕಳೆಲ್ಲ ಸಾಲಾಗಿ ನಿಂತು, ಮುಂದೆ ನಿಂತ ಹಿರಿಯ ವಿದ್ಯಾರ್ಥಿ ಹೇಳಿಕೊಟ್ಟಂತೆ ಕೂಡುವ ಕೋಷ್ಟಕ, ಮಗ್ಗಿ, ಅಳತೆ-ತೂಕ ಒಪ್ಪಿಸುತ್ತಿದ್ದರು. ಭಿನ್ನರಾಶಿಗಳ ಮೇಲೆ ಹೆಚ್ಚಿನ ಒತ್ತು. ಅವು ಹತ್ತರ ಲೆಕ್ಕದಲ್ಲಲ್ಲ, ನಾಲ್ಕರ ಲೆಕ್ಕದಲ್ಲಿ ಇಳಿಯುತ್ತಿದ್ದವು: ಒಂದರಲ್ಲಿ ನಾಲ್ಕನೆಯ ಪಾಲು ಕಾಲು, ಹದಿನಾರನೆಯದು ವೀಸ, ಅರವತ್ತನಾಲ್ಕನೆಯದು ಕಾಣಿ. ಸಂತೆಯ ಲೆಕ್ಕವೂ ಇದೇ. ರೂಪಾಯಿಗೆ ಹದಿನಾರಾಣೆ ಇದ್ದಾಗ ಸೇರಿಗೆ ಹನ್ನೆರಡಾಣೆಯ ಬೇಳೆ ಮುಕ್ಕಾಲು ಸೇರಿಗೆ ಒಂಬತ್ತಾಣೆ ಎನ್ನಲು ಮುಕ್ಕಾಲಿನ ಮಗ್ಗಿ ಬಂದವನಿಗೆ ಕಾಗದ ಬೇಕಿರಲಿಲ್ಲ. ಶಾಲೆಯಲ್ಲಿ ಉರು ಹೊಡೆದದ್ದು ಅಂಗಡಿಯಲ್ಲಿ ಉಪಯೋಗಕ್ಕೆ ಬರುತ್ತಿತ್ತು. ಈ ಅಭ್ಯಾಸ ಅಷ್ಟು ಕಾಲ ಬಾಳಿದ್ದಕ್ಕೆ ಬೆತ್ತಕ್ಕಿಂತ ಇದೇ ದೊಡ್ಡ ಕಾರಣವೆನ್ನಬೇಕು.

ದೊಡ್ಡವರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಅರ್ಥ ತಿಳಿಯದೆ ಪದ್ಯ ಒಪ್ಪಿಸುವುದನ್ನು ಟೀಕಿಸಿದ. ಬಡತನದಿಂದ ಮಕ್ಕಳು ಶಾಲೆ ಬಿಡುತ್ತಿರುವುದನ್ನೂ ಬರೆದ. ಒಂಬತ್ತು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯಲ್ಲಿ ಶಾಲೆಗೆ ಹೋಗುತ್ತಿದ್ದವರು 6,641 ಮಕ್ಕಳು ಮಾತ್ರ. ಅವರಲ್ಲಿ ಹೆಣ್ಣುಮಕ್ಕಳು ಬರೀ ಅರವತ್ತು. ಹಳೆಯ ಪದ್ಧತಿಯನ್ನು ಹೊಗಳುವವರು ಈ ಅಂಕಿಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯಾಪೈಸೆಯಾಯಿತು. ಹಿಂದೆಯೇ ಸೇರು, ಮಣ ಹೋಗಿ ಕಿಲೋಗ್ರಾಂ ಬಂತು. ವೀಸ, ಕಾಣಿ ನಿಘಂಟಿಗೆ ಸೇರಿದವು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಶಾಲೆಯಿಂದ ಮರೆಯಾದವು. ದಿನಕ್ಕೆರಡು ಬಾರಿ ನಿಲ್ಲುವ ಆ ಸಾಲೂ ಕರಗಿತು. ಸಂತೆಯಲ್ಲಿ ಮಾತ್ರ ಗಿರಾಕಿ ಇಂದಿಗೂ ಟೊಮೆಟೊ ಕೇಳುವುದು ಮುಕ್ಕಾಲು ಕೆಜಿಯೆಂದೇ.