ರೋಮ್‌ಗೆ ಒಂದು ಸಿನಿಮಾ ಇದೆ. ನಮ್ಮ ಬಲಂ ಸೀಮೆಗೆ ಏನಿದೆ?

(1/7)
ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದು ಹಳೇಬೀಡು, ಬೇಲೂರು ಸುತ್ತಿ ಬಂದವರ ಫೋನ್ ಗ್ಯಾಲರಿ ನೋಡಿ. ಶಿಲಾಬಾಲಿಕೆ ಇರ್ತಾಳೆ, ನಂದಿ ಇರ್ತಾನೆ, ಕಂಬದ ಮುಂದೆ ಒಂದು ಸೆಲ್ಫಿನೂ ಇರುತ್ತೆ. ಕಟ್ಟಿಸಿದ ರಾಜರ ಹೆಸರು ನಮಗೆಲ್ಲ ಬಾಯಿಪಾಠ. ಆದ್ರೆ ಇದೇ ಊರುಗಳ ಮೇಲೆ ಹೊರಗಿನ ಸೈನ್ಯ ಬಂದಾಗ ಇಲ್ಲಿನವರು ಏನ್ ಮಾಡಿದ್ರು? ಅದನ್ನ ಬರೆದಿಟ್ಟವರು ಯಾರು? ಈ ಸಲದ ಏಳು ಪೋಸ್ಟ್ ಇದರ ಬಗ್ಗೆನೇ. ಶುರು ಮಾತ್ರ ದೂರದಿಂದ, ಒಂದು ಇಟಲಿ ಸಿನಿಮಾದಿಂದ. ಸ್ವೈಪ್ ಮಾಡಿ.

(2/7)
ಸಿನಿಮಾದ ಹೆಸರು ‘ರೋಮ್, ಓಪನ್ ಸಿಟಿ’. ನಿರ್ದೇಶಕ ರೊಬೆರ್ಟೊ ರೊಸೆಲಿನಿ, ಬಿಡುಗಡೆ 1945. ‘ಓಪನ್ ಸಿಟಿ’ ಅಂದ್ರೆ ‘ನಾವು ಇಲ್ಲಿ ಯುದ್ಧ ಮಾಡಲ್ಲ, ನಗರ ಹಾಳು ಮಾಡಬೇಡಿ’ ಅಂತ ಘೋಷಿಸಿದ ಊರು. 1943ರ ಆಗಸ್ಟ್‌ನಲ್ಲಿ ರೋಮ್ ಹಾಗೆ ಘೋಷಿಸಿಕೊಂಡಿತು. ಸೆಪ್ಟೆಂಬರ್‌ನಲ್ಲೇ ಜರ್ಮನ್ ಸೈನ್ಯ ಬಂದು ಕೂತಿತು. 1944ರ ಜೂನ್ 4ಕ್ಕೆ ಮಿತ್ರಪಡೆ ಬರೋವರೆಗೂ ಬಂಧನ, ಚಿತ್ರಹಿಂಸೆ, ಗುಂಡೇಟು.

ಚಿತ್ರೀಕರಣ ಶುರುವಾಗಿದ್ದು 1945ರ ಜನವರಿಯಲ್ಲಿ. ಉತ್ತರ ಇಟಲಿಯಲ್ಲಿ ಯುದ್ಧ ಇನ್ನೂ ನಡೀತಾ ಇತ್ತು! ಪೀನಾ ಅನ್ನೋ ಹೆಂಗಸು, ಸೈನಿಕರು ಹಿಡಿದೊಯ್ಯುತ್ತಿರೋ ತನ್ನವನ ಲಾರಿ ಹಿಂದೆ ಓಡ್ತಾಳೆ. ಬೀದಿಯಲ್ಲೇ ಗುಂಡು ಬೀಳುತ್ತೆ. ಇದು ಬರೀ ಕಲ್ಪನೆ ಅಲ್ಲ. 1944ರ ಮಾರ್ಚ್ 3ರಂದು ತೆರೇಸಾ ಗುಲ್ಲಾಚೆ ಅನ್ನೋ ಗರ್ಭಿಣಿ, ಬಂಧನದಲ್ಲಿದ್ದ ಗಂಡನನ್ನ ನೋಡೋಕೆ ಹೋಗಿ ರೋಮ್‌ನ ಬೀದಿಯಲ್ಲಿ ಗುಂಡಿಗೆ ಬಲಿಯಾಗಿದ್ದಳು. ವರ್ಷ ಕಳೆಯೋದರೊಳಗೆ ಅವಳ ಊರಿನವರೇ ಅವಳ ಕಥೆಯನ್ನ ತೆರೆಗೆ ತರೋಕೆ ಹೊರಟಿದ್ದರು.

ಸೋತು, ನೊಂದವರ ಕೈಗೇ ಕ್ಯಾಮೆರಾ ಸಿಕ್ಕಿತ್ತು. ಈ ಮಾತು ನೆನಪಿರಲಿ.

(3/7)
ಈಗ ಹಳೇಬೀಡಿಗೆ ಬನ್ನಿ. ಆಗಿನ ಹೆಸರು ದ್ವಾರಸಮುದ್ರ, ವರ್ಷ 1311. ಅಲ್ಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರ್ ದಂಡು ಕಟ್ಟಿಕೊಂಡು ಬಂದಾಗ ಮೂರನೇ ವೀರ ಬಲ್ಲಾಳ ದಕ್ಷಿಣದಲ್ಲಿ ಪಾಂಡ್ಯರ ಜಗಳದಲ್ಲಿ ಕೈ ಹಾಕಿದ್ದ. ಅವಸರದಲ್ಲಿ ವಾಪಸ್ ಬಂದ. ಲೆಕ್ಕ ಹಾಕಿದ. ಸಂಧಿ ಮಾಡಿಕೊಂಡು ಆನೆ, ಕುದುರೆ, ಭಂಡಾರ ಒಪ್ಪಿಸಿದ. ಆಮೇಲೆ ಪಾಂಡ್ಯ ದೇಶಕ್ಕೆ ದಾರಿ ತೋರಿಸೋ ಕೆಲಸವೂ ಅವನ ತಲೆಗೇ ಬಂತು. ಒಂಥರಾ ನಮ್ಮದೂ ‘ಓಪನ್ ಸಿಟಿ’.

ಈ ವಿವರ ನಮಗೆ ಹೆಚ್ಚಾಗಿ ಸಿಗೋದು ಎಲ್ಲಿಂದ ಗೊತ್ತಾ? ದೆಹಲಿಯ ಆಸ್ಥಾನ ಕವಿ ಅಮೀರ್ ಖುಸ್ರೋನಿಂದ. ಗೆದ್ದವರ ಕಡೆಯವನು ಅವನು. ಬಲ್ಲಾಳನ ಮಗ ದೆಹಲಿಗೆ ಹೋಗಬೇಕಾಯ್ತು. ಅವನು ತಿರುಗಿ ಬಂದಿದ್ದನ್ನ 1313ರ ಒಂದು ಕನ್ನಡ ಶಾಸನ ಹೇಳುತ್ತೆ. ಅತ್ತ ಇಡೀ ದಂಡಯಾತ್ರೆಯ ವರ್ಣನೆ, ಇತ್ತ ಮನೆಗೆ ಮಗ ಬಂದ ಸುದ್ದಿ. ವ್ಯತ್ಯಾಸ ನೋಡಿ.

(4/7)
ಹಳೇಬೀಡಿನಿಂದ ಹದಿನಾರು ಕಿಲೋಮೀಟರ್ ದೂರದಲ್ಲಿ ಬೇಲೂರು. ನಾವು ಹೊಯ್ಸಳರ ನಂತರ ಬೇಲೂರಿನ ಚರಿತ್ರೆಗೆ ಫುಲ್‌ಸ್ಟಾಪ್ ಇಟ್ಟುಬಿಡ್ತೀವಿ. ಆದ್ರೆ ವಿಜಯನಗರದ ಕಾಲದಿಂದ ಇಲ್ಲಿ ಆಳಿದವರು ಬೇಲೂರು ನಾಯಕರು, ಬಲಂ ಸೀಮೆಯ ಪಾಳೆಯಗಾರರು. 17ನೇ ಶತಮಾನ ಮುಗಿಯೋ ಹೊತ್ತಿಗೆ ಬೇಲೂರು ಮೈಸೂರಿನ ಪಾಲಾಯ್ತು. ನಾಯಕರು ಪಶ್ಚಿಮದ ಮಲೆನಾಡಿಗೆ, ಐಗೂರಿಗೆ ಸರಿದರು. ಇವತ್ತಿನ ಸಕಲೇಶಪುರದ ಕಡೆ. ಟಿಪ್ಪು ಅಲ್ಲೇ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. ಅದರ ಡ್ರೋನ್ ಶಾಟ್ ನೀವೆಲ್ಲ ನೋಡಿರ್ತೀರಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕಂಪನಿಯವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಗದ್ದುಗೆಗೆ ಕೂರಿಸಿದರು. ಪೂರ್ಣಯ್ಯ ದಿವಾನರಾದರು. ಸೈನ್ಯ ಮಾತ್ರ ಆರ್ಥರ್ ವೆಲ್ಲೆಸ್ಲಿ ಕೈಲಿ. ‘ಈ ಏರ್ಪಾಡಿಗೆ ನಾನು ಬಗ್ಗಲ್ಲ’ ಅಂತ ನಿಂತವನು ಬಲಂನ ವೆಂಕಟಾದ್ರಿ ನಾಯಕ.

(5/7)
ಅವನ ಬಲ ಕಾಡು. ಅರೆಕೆರೆಯ ದಟ್ಟ ಕಾಡಿನೊಳಗೆ ಬೇಲಿ, ಅಡ್ಡಗಟ್ಟೆ, ಕೋಟೆಯಂಥ ಹಳ್ಳಿಗಳು. ಬಿಸಿಲೆ ಘಾಟಿ ಅವನ ಸೀಮೆಯಲ್ಲೇ ಇತ್ತು. ಅಂದ್ರೆ ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಹೋಗೋ ದಾರಿ ಅವನ ಹಿಡಿತದಲ್ಲಿ. ಕಂಪನಿಗೆ ಇದು ಗಂಟಲ ಮುಳ್ಳು.

1800ರಲ್ಲಿ ಕಂಪನಿ ಪಡೆಯ ಮೊದಲ ದಾಳಿ ಹಿಮ್ಮೆಟ್ಟಿತು. ಆಮೇಲೆ ಕರ್ನಲ್ ಮಾಂಟ್ರೆಸರ್ ಹೆಚ್ಚಿನ ಪಡೆ ತಂದು ಅರೆಕೆರೆ ಹಿಡಿದ. ಸೈನ್ಯ ಅತ್ತ ಹೋಗಿದ್ದೇ ತಡ, ನಾಯಕ ಇತ್ತ ವಾಪಸ್! ಕೊನೆಗೆ ವೆಲ್ಲೆಸ್ಲಿಯೇ ಬಂದ. 1802ರ ಜನವರಿ 16ರಂದು ಮೂರು ಕಡೆಯಿಂದ ಒಟ್ಟಿಗೆ ಕಾಡಿಗೆ ನುಗ್ಗಿದರು. ಪೂರ್ಣಯ್ಯನವರ ಮೈಸೂರು ಕುದುರೆ ಸವಾರರೂ ಜೊತೆಗಿದ್ದರು. ಕಾಡು ಕಡಿದು ರಸ್ತೆ ಮಾಡಿದರು, ಹಳ್ಳಿಗಳ ರಕ್ಷಣೆ ಕೆಡವಿದರು, ಆಯುಧ ಕಿತ್ಕೊಂಡರು. ಫೆಬ್ರವರಿಯಲ್ಲಿ ನಾಯಕ ಸಿಕ್ಕಿಬಿದ್ದ. ಗಲ್ಲಿಗೇರಿಸಿದರು.

(6/7)
ಇಷ್ಟೆಲ್ಲ ವಿವರ ಎಲ್ಲಿಂದ ಬಂತು? ಬಹುಪಾಲು ವೆಲ್ಲೆಸ್ಲಿಯ ಪತ್ರಗಳಿಂದ. ಮುಂದೆ ಅವನು ಡ್ಯೂಕ್ ಆಫ್ ವೆಲಿಂಗ್ಟನ್ ಆದ, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನ ಸೋಲಿಸಿದ. ಹಾಗಾಗಿ ಅವನ ಪತ್ರಗಳು ಸಂಪುಟ ಸಂಪುಟವಾಗಿ ಅಚ್ಚಾದವು. ನೇಣು ಹಾಕಿಸಿದವನ ಟಿಪ್ಪಣಿಯಲ್ಲಿ ನೇಣಿಗೇರಿದವನನ್ನ ನಾವು ಹುಡುಕಬೇಕು. ಪೀನಾಳ ಕಥೆಯನ್ನ ಜರ್ಮನ್ ಅಧಿಕಾರಿಯ ಡೈರಿಯಿಂದ ಮಾತ್ರ ಓದಿದ ಹಾಗೆ. ಆ ಡೈರಿಯಲ್ಲಿ ಅವಳ ಹೆಸರಾದರೂ ಇರ್ತಿತ್ತಾ? ನಾಯಕನ ಹೆಸರು ಉಳೀತು. ಆ ಬೇಲಿ ಹಿಂದೆ ಸತ್ತವರು, ಕಾಡಿಗೆ ಅನ್ನ ಹೊತ್ತವರು, ಮನೆ ಕಳ್ಕೊಂಡ ಹೆಂಗಸರು? ಅವರೆಲ್ಲ ‘ಶತ್ರು’ ಅನ್ನೋ ಒಂದೇ ಪದದೊಳಗೆ ಸೇರಿಹೋದರು.

ಹಾಗಂತ ನಾಯಕನನ್ನ ದೇವರು ಮಾಡೋದು ಬೇಡ. ಅವನು ತನ್ನ ಪಾಳೆಪಟ್ಟಿಗಾಗಿ ಹೋರಾಡಿದ ಪಾಳೆಯಗಾರ. 1947ರ ಸ್ವಾತಂತ್ರ್ಯದ ಬಾವುಟ ಅವನ ಕೈಗೆ ಕೊಟ್ಟರೆ ಅದೂ ಸುಳ್ಳೇ. ಎದುರು ನಿಂತವರಲ್ಲಿ ಕನ್ನಡ ಮಾತಾಡೋ ಸವಾರರೂ ಇದ್ದರು. ರೊಸೆಲಿನಿಯ ಸಿನಿಮಾದಲ್ಲೂ ಇಂಥದ್ದೊಂದು ಮರೆವು ಇದೆ. ಇಟಲಿ ಎಷ್ಟೋ ವರ್ಷ ಹಿಟ್ಲರನ ಜೊತೆಗೇ ಇತ್ತು, ಆದ್ರೆ ತೆರೆ ಮೇಲೆ ಕೇಡಿನ ಭಾರ ಹೆಚ್ಚಾಗಿ ಜರ್ಮನ್ನರ ಮೇಲೆ ಬೀಳುತ್ತೆ. ನಮ್ಮ ಕೈಲಿ ಕ್ಯಾಮೆರಾ ಇದ್ದರೂ ನಾವು ಕೆಲವನ್ನ ಫ್ರೇಮ್‌ನಿಂದ ಹೊರಗಿಡ್ತೀವಿ.

(7/7)
ಹಾಗಾದ್ರೆ ನಮ್ಮವರು ಏನೂ ಬರೆದಿಡಲಿಲ್ವಾ? ಬರೆದರು, ಕಲ್ಲಲ್ಲಿ. ಈ ಮೂರೂ ತಾಲೂಕು ಸೀಮೆಯ ಹಳ್ಳಿಗಳಲ್ಲಿ ಕೆರೆ ಏರಿ ಮೇಲೆ, ಗುಡಿ ಪಕ್ಕ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನ ಎತ್ಕೊಂಡು ಹೋಗೋ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ದನ ಬಿಡಿಸೋಕೆ ಹೋಗಿ ಸತ್ತವನು, ಊರು ಉಳಿಸೋಕೆ ಸತ್ತವನು. ಎಷ್ಟೋ ಸಲ ರಾಜ ಅಲ್ಲ, ಊರಿನ ಒಬ್ಬ ಸಾಮಾನ್ಯ. ಕೆಲವದರಲ್ಲಿ ಹೆಸರೂ ಇದೆ, ಯಾರ ಮಗ ಅಂತಲೂ ಇದೆ. ಸೋತವರ ಕಡೆಯಿಂದ ತೆಗೆದ ನಮ್ಮ ಹಳೆಯ ಫೋಟೋ ಇದೇ.

ಇಂಥ ಕಲ್ಲುಗಳ ಮೇಲೆ ಇವತ್ತು ಬಟ್ಟೆ ಒಗೀತೀವಿ, ಬಣ್ಣ ಬಳೀತೀವಿ, ರಸ್ತೆ ಅಗಲ ಮಾಡೋವಾಗ ಮಣ್ಣಲ್ಲಿ ಹೂತುಬಿಡ್ತೀವಿ. ನಿಮ್ಮೂರಲ್ಲಿ ಒಂದಿದ್ರೆ ಬೆಳಿಗ್ಗೆ ಓರೆ ಬಿಸಿಲಲ್ಲಿ ಫೋಟೋ ತೆಗೀರಿ, ಆಗ ಅಕ್ಷರ ಚೆನ್ನಾಗಿ ಕಾಣುತ್ತೆ. ಸುಣ್ಣ, ಎಣ್ಣೆ, ಸೀಮೆಸುಣ್ಣ ಹಚ್ಚಬೇಡಿ. ಪಕ್ಕದ ಮನೆಯ ಅಜ್ಜಿ ಆ ಕಲ್ಲನ್ನ ಏನಂತ ಕರೀತಾರೆ, ಅದನ್ನೂ ಕೇಳಿ ಬರ್ಕೊಳ್ಳಿ. ಊರಿನ ಹೆಸರಿನ ಜೊತೆ ಕಾಮೆಂಟಲ್ಲಿ ಹಾಕಿ. ಮುಂದಿನ ಸರಣಿ ನೀವು ಕಳಿಸೋ ಕಲ್ಲುಗಳಿಂದಲೇ ಶುರು.

#ಅರಸೀಕೆರೆ #ಬೇಲೂರು #ಹಳೇಬೀಡು #ಬಲಂಸೀಮೆ #ವೀರಗಲ್ಲು