ಕರ್ಮ ಎಂಬ ಮಾತು ಬಂದ ದಾರಿ

ಈ ಶಾಲೆಯಲ್ಲಿ ನಾನು ‘ಕರ್ಮ’ ಎಂಬ ಪದವನ್ನು ಕಲಿತದ್ದು ಕನ್ನಡ ವ್ಯಾಕರಣದ ಪೀರಿಯಡ್ಡಿನಲ್ಲಿ. ‘ಹುಡುಗನು ಹಣ್ಣನ್ನು ತಿಂದನು’ ಎಂದರೆ ಹುಡುಗ ಕರ್ತೃ, ಹಣ್ಣು ಕರ್ಮ. ಊರಿನೊಳಗೆ ಅದೇ ಪದಕ್ಕೆ ಬೇರೆ ಅರ್ಥವಿತ್ತು. ಬೋರ್‌ವೆಲ್‌ನಲ್ಲಿ ನೀರು ಬೀಳದಿದ್ದರೆ ‘ನಮ್ಮ ಕರ್ಮ’, ಪಕ್ಕದ ಮನೆಯ ಮಗು ಕಾಯಿಲೆ ಬಿದ್ದರೆ ‘ಅವರ ಕರ್ಮ’. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ, ಪಂಡಿತನೇನಲ್ಲ. ಬಿಡುವಿನಲ್ಲಿ ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

‘ಕೃ’ ಎಂದರೆ ಮಾಡು. ಋಗ್ವೇದದಲ್ಲಿ ಕರ್ಮವೆಂದರೆ ಮಾಡಿದ ಕೆಲಸ, ಮುಖ್ಯವಾಗಿ ಯಜ್ಞದ ಕ್ರಿಯೆ. ಮರುಜನ್ಮದ ಲೆಕ್ಕ ಅಲ್ಲಿ ಇನ್ನೂ ಬಂದಿಲ್ಲ. ಆ ವಿಚಾರ ಸ್ಪಷ್ಟವಾಗಿ ಕಾಣುವುದು ಬೃಹದಾರಣ್ಯಕ ಉಪನಿಷತ್ತಿನಲ್ಲಿ. ಜನಕನ ಸಭೆಯಲ್ಲಿ ಆರ್ತಭಾಗ ಎಂಬುವನು ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಸತ್ತವನ ಮಾತು ಅಗ್ನಿಗೆ, ಉಸಿರು ಗಾಳಿಗೆ ಸೇರಿದ ಮೇಲೆ ಮನುಷ್ಯ ಉಳಿಯುವುದೆಲ್ಲಿ? ಯಾಜ್ಞವಲ್ಕ್ಯ ಜನರೆದುರು ಉತ್ತರ ಕೊಡುವುದಿಲ್ಲ. ಅವನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಾನೆ. ಇಬ್ಬರೂ ಮಾತಾಡಿದ್ದು ಕರ್ಮದ ಬಗ್ಗೆ. ಈಗ ಬಸ್‌ಸ್ಟ್ಯಾಂಡಿನಲ್ಲೂ ಆಡುವ ಮಾತು ಆಗ ಗುಟ್ಟಿನ ವಿದ್ಯೆಯಾಗಿತ್ತು!

ಛಾಂದೋಗ್ಯದಲ್ಲಿ ಮರುಜನ್ಮದ ವಿದ್ಯೆಯನ್ನು ಬ್ರಾಹ್ಮಣನಾದ ಉದ್ದಾಲಕನಿಗೆ ಹೇಳಿಕೊಡುವವನು ಒಬ್ಬ ಕ್ಷತ್ರಿಯ ದೊರೆ, ಪ್ರವಾಹಣ ಜೈವಲಿ. ಒಳ್ಳೆಯದು ಮಾಡಿದವರು ಮೇಲಿನ ಮೂರು ವರ್ಣಗಳಲ್ಲಿ ಹುಟ್ಟುತ್ತಾರೆ, ಕೆಟ್ಟದ್ದು ಮಾಡಿದವರು ನಾಯಿಯಾಗಿಯೋ ಹಂದಿಯಾಗಿಯೋ ಚಾಂಡಾಲರಾಗಿಯೋ ಹುಟ್ಟುತ್ತಾರೆ ಎಂಬ ಮಾತು ಬರುವುದೂ ಅಲ್ಲೇ. ಇದನ್ನು ಮುಚ್ಚಿಟ್ಟು ಇತಿಹಾಸ ಬರೆಯಬಾರದು. ಹುಟ್ಟಿನಿಂದಲೇ ಒಬ್ಬನನ್ನು ತಪ್ಪಿತಸ್ಥನನ್ನಾಗಿ ಮಾಡಲು ಈ ವಿಚಾರ ಬಳಕೆಯಾಯಿತು. ಹಿಂದಿನ ಜನ್ಮದ ಕರ್ಮವೆಂಬುದನ್ನು ಅಂಬೇಡ್ಕರ್ ಅವರು 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಒಪ್ಪದೇ ಇದ್ದದ್ದು ಸುಮ್ಮನೆ ಅಲ್ಲ.

ಮುಂದೆ ಮಗಧದ ಕಡೆ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಜೈನರಿಗೆ ಕರ್ಮವೆಂದರೆ ಜೀವಕ್ಕೆ ಧೂಳಿನಂತೆ ಅಂಟುವ ಸೂಕ್ಷ್ಮ ದ್ರವ್ಯ; ಅದನ್ನು ತಪಸ್ಸಿನಿಂದ ಸವೆಸಬೇಕು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ಕೈಗೊಂಡವರ ಶಾಸನಗಳ ಹಿಂದಿರುವುದು ಇದೇ ನಂಬಿಕೆ. ಆಜೀವಕರ ಮಕ್ಖಲಿ ಗೋಶಾಲನು ಮಾತ್ರ ಮನುಷ್ಯ ಪ್ರಯತ್ನದಿಂದ ಏನೂ ಆಗದು, ಎಲ್ಲವೂ ನಿಯತಿ ಎಂದ. ನನಗನ್ನಿಸುವಂತೆ, ಕೈಚೆಲ್ಲಿ ಕೂತು ನಾವು ‘ಕರ್ಮ’ ಎನ್ನುವುದು ನಿಜವಾಗಿ ಈ ಗೋಶಾಲನ ನಿಯತಿಯೇ.

ಬುದ್ಧನ ಪ್ರಕಾರ ಕರ್ಮದ ತಿರುಳು ಚೇತನಾ, ಅಂದರೆ ಮಾಡುವವನ ಉದ್ದೇಶ. ಸೀವಕ ಎಂಬ ಪರಿವ್ರಾಜಕ ಒಮ್ಮೆ ಅವನ ಬಳಿ ಬಂದು, ನಾವು ಪಡುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನಿಜವೇ ಎಂದು ಕೇಳಿದ. ಬುದ್ಧ ಅಲ್ಲವೆಂದ. ನೋವಿಗೆ ಅವನು ಎಣಿಸಿದ ಕಾರಣಗಳು ಎಂಟು: ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾಗುವುದು, ಆರೈಕೆ ತಪ್ಪುವುದು, ಹೊರಗಿನ ಪೆಟ್ಟು. ಕರ್ಮ ಎಂಟನೆಯದು.