ನರ

ಸೂಜಿ ಹಿಡಿದ ನರ್ಸ್ ‘ನರ ಸಿಗ್ತಿಲ್ಲ’ ಅಂದರೆ ಹುಡುಕುತ್ತಿರುವುದು ರಕ್ತನಾಳವನ್ನು. ‘ಕತ್ತಿನ ನರ ಹಿಡ್ಕೊಂಡಿದೆ’ ಅನ್ನುವವರಿಗೆ ಬಹಳ ಸಲ ನೋಯುತ್ತಿರುವುದು ಸ್ನಾಯು. ಗೋಡೆ ಜಾಹೀರಾತಿನ ‘ನರದೌರ್ಬಲ್ಯ’ದ ಮಾತೇ ಬೇರೆ, ಬಿಡಿ.

ಮನುಷ್ಯ ಎಂಬರ್ಥದ ನರ ಸಂಸ್ಕೃತದ್ದು. ಮೈಯೊಳಗಿನ ನರ ದ್ರಾವಿಡದ್ದು. ತಮಿಳಿನ ನರಂಬು, ಮಲಯಾಳದ ಞರಂಬು, ತೆಲುಗಿನ ನರಮು ಇದರ ನಂಟರು. ತಮಿಳಿನಲ್ಲಿ ಯಾಳ್ ವಾದ್ಯದ ತಂತಿಯೂ ನರಂಬೇ. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಸ್ನಾಯುರಜ್ಜುವಿಗೆ, ಬಿಲ್ಲಿನ ಹೆದೆಗೆ ಇದ್ದ ಹೆಸರು. ಎಳೆಯಂತೆ ಕಂಡದ್ದಕ್ಕೆಲ್ಲ ಒಂದೇ ಮಾತು ಸಾಕಾಗಿತ್ತು.

ಸಾಲದಾಗುವುದು ನರರೋಗ ತಜ್ಞರ ಪರೀಕ್ಷಾ ಕೋಣೆಯಲ್ಲಿ. ಅಲ್ಲಿ ಎರಡು ಪರೀಕ್ಷೆಗಳನ್ನು ಸಾಮಾನ್ಯವಾಗಿ ಒಟ್ಟಿಗೇ ಮಾಡುತ್ತಾರೆ. ಎನ್‌ಸಿಎಸ್‌ ಎಂಬ ನರವಹನ ಪರೀಕ್ಷೆಯಲ್ಲಿ ಚರ್ಮದ ಮೇಲಿಂದ ನರಕ್ಕೆ ಚುರುಕ್ಕೆನ್ನುವ ಸಣ್ಣ ವಿದ್ಯುತ್ ಕೊಟ್ಟು ಸಂಕೇತದ ವೇಗ ಅಳೆಯುತ್ತಾರೆ. ಆರೋಗ್ಯವಂತ ಕೈಯಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಹೆಚ್ಚು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದ್ದರೆ ಅಲ್ಲಿ ಸಂಕೇತ ನಿಧಾನವಾಗುತ್ತದೆ. ಎರಡನೆಯದು ಇಎಂಜಿ, ಸ್ನಾಯುವಿನ ಪರೀಕ್ಷೆ. ಅದರ ಸೂಜಿ ನೋಯುವುದು ನಿಜ, ಆದರೆ ಅದು ಶಾಕ್ ಕೊಡುವುದಿಲ್ಲ. ಸ್ನಾಯುವಿನೊಳಗಿನ ವಿದ್ಯುತ್ತನ್ನು ದಾಖಲಿಸುತ್ತದೆ ಅಷ್ಟೆ. ಸ್ಪೀಕರಿನಲ್ಲಿ ಅದರ ಚಟಪಟ ಸದ್ದೂ ಕೇಳುತ್ತದೆ. ದೋಷ ನರದ್ದೋ ಸ್ನಾಯುವಿನದ್ದೋ ಎಂಬುದನ್ನು ಬಿಡಿಸಿ ನೋಡಲು ಇವೆರಡೂ ಬೇಕು.